ಮುಖಲೇಪ ಒಣಗಿ ಬಿಗಿಯುವವರೆಗೆ ಬಿಡಬೇಕೇ? ಮೊಡವೆ, ಬಂಗು ಮತ್ತು ಆಯುರ್ವೇದದ ಆರೈಕೆ

ಸಂಜೆಮಲ್ಲಿಗೆ:

ನನ್ನದು ಎಣ್ಣೆಚರ್ಮ. ದವಡೆಯ ಅಂಚಿನಲ್ಲಿ ಮೊಡವೆಗಳು ಬಂದು ಹೋಗಿ ಮಾಡುತ್ತಲೇ ಇರುತ್ತವೆ. ಇತ್ತೀಚೆಗೆ ಎರಡೂ ಕೆನ್ನೆಗಳ ಮೇಲೆ ಬಂಗು ಬೇರೆ ಕಾಣಿಸಿಕೊಂಡಿದೆ. ಕ್ರೀಮುಗಳ ಸಹವಾಸ ಸಾಕೆನಿಸಿ ಆಯುರ್ವೇದದ ದಾರಿ ಹಿಡಿದಿದ್ದೇನೆ. ವಾರಕ್ಕೆ ಎರಡು ಮೂರು ಸಲ ಮುಲ್ತಾನಿ ಮಿಟ್ಟಿ, ಕಡಲೆಹಿಟ್ಟು, ಅರಿಶಿನ, ನಿಂಬೆರಸ ಕಲಸಿ ಹಚ್ಚಿಕೊಂಡು, ಪೂರ್ತಿ ಒಣಗಿ ಬಿರುಕು ಬಿಟ್ಟ ಮೇಲೆ ಉಜ್ಜಿ ತೊಳೆಯುತ್ತೇನೆ. ತೊಳೆದ ಕೂಡಲೇ ಮುಖ ಕಳೆಕಳೆಯಾಗಿ ಕಾಣುತ್ತದೆ. ಸಂಜೆಯ ಹೊತ್ತಿಗೆ ಚರ್ಮ ಬಿಗಿದುಕೊಂಡು ಮೂಗಿನ ಪಕ್ಕ ಹೊಟ್ಟು ಏಳುತ್ತದೆ, ಹಣೆಯಲ್ಲಿ ಮಾತ್ರ ಎಣ್ಣೆ ಜಿನುಗುತ್ತಿರುತ್ತದೆ. ಬಂಗು ಕಡಿಮೆಯಾಗುವ ಬದಲು ಇನ್ನಷ್ಟು ಕಪ್ಪಾದಂತಿದೆ.

"ಬಿಗಿಯುತ್ತಿದೆ ಎಂದರೆ ಒಳಗಿನ ಕೊಳೆಯನ್ನು ಎಳೆಯುತ್ತಿದೆ" ಎಂದು ಕೇಳಿದವರೆಲ್ಲ ಹೇಳುತ್ತಾರೆ. ನಿಜವೇ? ಕುಂಕುಮಾದಿ ತೈಲ ಹಚ್ಚಿದರೆ ಈ ಒಣಗುವಿಕೆ ಸರಿಹೋಗುವುದೇ? ತಿಳಿದವರು ಹೇಳಿ.

ಅರೆಯುವಕಲ್ಲು:

ಮೊದಲು ನಿಂಬೆರಸ ನಿಲ್ಲಿಸಿ. ಉಳಿದದ್ದು ಆಮೇಲೆ ಮಾತಾಡೋಣ.

ಪಥ್ಯಾಪಥ್ಯ:

ನಾನು ಆಯುರ್ವೇದ ವೈದ್ಯೆ. ಸಂಜೆಮಲ್ಲಿಗೆ ಅವರೇ, ಲೇಪವನ್ನು ಒಣಗಲು ಬಿಡಬಾರದು ಎಂದು ಗ್ರಂಥಗಳಲ್ಲಿ ಸ್ಪಷ್ಟವಾಗಿಯೇ ಇದೆ. ವಾಗ್ಭಟನ ಅಷ್ಟಾಂಗಹೃದಯ, ಸೂತ್ರಸ್ಥಾನದ 22ನೇ ಅಧ್ಯಾಯದಲ್ಲಿ ಮುಖಾಲೇಪದ ವಿಧಿ ಬರುತ್ತದೆ. ಲೇಪ ಹಸಿಯಾಗಿರುವಷ್ಟು ಹೊತ್ತು ಮಾತ್ರ ಮುಖದ ಮೇಲಿರಬೇಕು, ಒಣಗಿದರೆ ಅದು ಕಾಂತಿಯನ್ನೇ ಕೆಡಿಸುತ್ತದೆ ಎನ್ನುತ್ತಾನೆ. ತೆಗೆಯುವಾಗ ಮತ್ತೆ ನೀರು ತಾಗಿಸಿ ನೆನೆಸಿ ತೆಗೆಯಬೇಕು. ತೆಗೆದ ಮೇಲೆ ಎಣ್ಣೆ ಸವರಬೇಕು. ಈ ಮೂರರಲ್ಲಿ ಒಂದನ್ನೂ ನೀವು ಮಾಡುತ್ತಿಲ್ಲ. ತಪ್ಪು ನಿಮ್ಮದಲ್ಲ, ಇಂದಿನ ವೀಡಿಯೊಗಳಲ್ಲಿ ಇದನ್ನು ಹೇಳುವವರು ಕಡಿಮೆ.

ಸುಶ್ರುತನೂ ಇದೇ ಮಾತು ಹೇಳುತ್ತಾನೆ. ಒಣಗಿದ ಲೇಪ ನಿಷ್ಪ್ರಯೋಜಕ, ನೋವನ್ನೂ ತರುತ್ತದೆ. ಅವನು ಒಂದೇ ಒಂದು ವಿನಾಯಿತಿ ಕೊಡುತ್ತಾನೆ: ಕೀವು ತುಂಬಿದ ಹುಣ್ಣನ್ನು ಒತ್ತಿ ಹೊರತರಬೇಕಾದಾಗ ಲೇಪ ಒಣಗಿ ಬಿಗಿಯಲಿ ಎಂದು ಬಿಡಬಹುದು. "ಬಿಗಿದರೆ ಎಳೆಯುತ್ತದೆ" ಎಂಬ ಮಾತು ಬಹುಶಃ ಅಲ್ಲಿಂದಲೇ ಹೊರಟು ದಾರಿ ತಪ್ಪಿ ಎಲ್ಲರ ಕೆನ್ನೆಗೆ ಬಂದಿರಬೇಕು. ಇದು ನನ್ನ ಊಹೆ.

ಇನ್ನು ದಪ್ಪದ ವಿಷಯ. ವಾಗ್ಭಟ ಹೇಳುವ ಮೂರು ಅಳತೆಗಳು ಕಾಲು ಅಂಗುಲ, ಮೂರನೇ ಒಂದು ಅಂಗುಲ, ಅರ್ಧ ಅಂಗುಲ. ಅತ್ಯಂತ ತೆಳುವಾದದ್ದೂ ಸುಮಾರು ಅರ್ಧ ಸೆಂಟಿಮೀಟರ್ ಆಯಿತು. ನಾವು ಹಚ್ಚುವುದು ಕಾಗದದಷ್ಟು ತೆಳುವಾಗಿ, ಅದು ಫ್ಯಾನಿನ ಗಾಳಿಗೆ ಹತ್ತೇ ನಿಮಿಷದಲ್ಲಿ ಒಣಗುತ್ತದೆ. ದಪ್ಪ ಲೇಪ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಳತೆ ಹೇಳಿದ್ದರ ಹಿಂದಿನ ಲೆಕ್ಕ ಇಷ್ಟೇ ಎಂದು ನನಗನಿಸುತ್ತದೆ.

ಸಂಶಯಜೀವಿ:

ವೈದ್ಯರೇ, ರಸಾಯನಶಾಸ್ತ್ರ ಪಾಠ ಮಾಡುವವನಾಗಿ ಕೇಳುತ್ತೇನೆ. ಹಳೆಯ ಪುಸ್ತಕದಲ್ಲಿದೆ ಎಂಬುದು ಕಾರಣವಾಗುವುದು ಹೇಗೆ? ಅದೇ ಸುಶ್ರುತ ಸಂಹಿತೆಯಲ್ಲಿ ಲೇಪ ಎಮ್ಮೆಯ ಹಸಿ ಚರ್ಮದಷ್ಟು ದಪ್ಪವಿರಬೇಕು ಎಂದಿದೆಯಂತೆ. ಎಮ್ಮೆಯ ಚರ್ಮ ಅಳೆದುಕೊಂಡು ಮುಖಕ್ಕೆ ಹಿಟ್ಟು ಮೆತ್ತಿಕೊಳ್ಳುವುದು ಎಲ್ಲಿಗೆ ಬಂತು?

ಪಥ್ಯಾಪಥ್ಯ:

ಹೌದು, ಹಾಗೆಯೇ ಇದೆ. ಸ್ಕೇಲು ಇಲ್ಲದ ಕಾಲದಲ್ಲಿ ಎಲ್ಲರೂ ಕಂಡು ಮುಟ್ಟಿದ ವಸ್ತುವನ್ನು ಅಳತೆಗೆ ಕೊಟ್ಟಿದ್ದಾರೆ. ಅದರಲ್ಲಿ ನಗುವಂಥದ್ದು ನನಗೇನೂ ಕಾಣುವುದಿಲ್ಲ. ಒಣಗಬಾರದು ಎಂಬುದಕ್ಕೆ ಕಾರಣವನ್ನು ಚರ್ಮತಜ್ಞರೇ ಹೇಳಲಿ, ಈ ಗುಂಪಿನಲ್ಲಿ ಒಬ್ಬರಿದ್ದಾರೆ.

ಹೊರಪದರ:

ಕರೆದಿದ್ದಕ್ಕೆ ಬಂದೆ. ನಾನು ಅಲೋಪತಿ ಚರ್ಮವೈದ್ಯ, ಆಯುರ್ವೇದ ಓದಿಲ್ಲ. ಆದರೆ ಒಣಗಬಾರದು ಎಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ.

ಚರ್ಮದ ಹೊರಪದರದಲ್ಲಿ ಸತ್ತ ಜೀವಕೋಶಗಳು, ಅವುಗಳ ನಡುವೆ ಕೊಬ್ಬಿನ ಪದರಗಳು ಇರುತ್ತವೆ. ಒಳಗಿನ ನೀರು ಆವಿಯಾಗದಂತೆ, ಹೊರಗಿನದು ಒಳನುಗ್ಗದಂತೆ ಇದು ತಡೆಯುತ್ತದೆ. ಜೇಡಿಮಣ್ಣು ಒಣಗುವಾಗ ಮೊದಲು ಮೇಲಿನ ಜಿಡ್ಡನ್ನು ಹೀರುತ್ತದೆ. ಅಷ್ಟು ಮಾತ್ರವಾದರೆ ಎಣ್ಣೆಚರ್ಮಕ್ಕೆ ಒಳ್ಳೆಯದೇ. ಬಿರುಕು ಬಿಡುವ ಹಂತಕ್ಕೆ ಬಂದರೆ ಆ ಪದರದ ನೀರನ್ನೂ ಕೊಬ್ಬನ್ನೂ ಸೆಳೆಯತೊಡಗುತ್ತದೆ. ಆಮೇಲೆ ಕಲ್ಲಿನಂತಾದದ್ದನ್ನು ಉಜ್ಜಿ ತೆಗೆದರೆ ಪದರವೇ ಕಿತ್ತುಬರುತ್ತದೆ. ಹೊಟ್ಟು ಏಳುವುದು, ಉರಿ, ಬಿಗಿತ ಎಲ್ಲವೂ ಇದರ ಫಲ. ಕೊಳೆ ಹೊರಬರುತ್ತಿರುವ ಲಕ್ಷಣ ಅದಲ್ಲ.

ಬಂಗು ಕಪ್ಪಾದದ್ದಕ್ಕೂ ಇದೇ ಕಾರಣವಿರಬಹುದು. ನಮ್ಮ ಬಗೆಯ ಕಂದು ಚರ್ಮದಲ್ಲಿ ಎಲ್ಲಿ ಉರಿಯೂತವಾದರೂ ಅಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿ ಕಪ್ಪು ಉಳಿಯುತ್ತದೆ. ಉಜ್ಜಿದಷ್ಟೂ ಬಂಗು ಗಾಢವಾಗುತ್ತದೆ. ಕೊಳೆಯೆಂದುಕೊಂಡು ತಿಕ್ಕುವವರನ್ನು ನಾನು ದಿನವೂ ನೋಡುತ್ತೇನೆ.

ನಿಂಬೆರಸದ ಆಮ್ಲೀಯತೆ ಪಿಎಚ್ 2ರ ಆಸುಪಾಸು, ಮುಖದ ಚರ್ಮದ್ದು ಸುಮಾರು 5; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಂಬೆಯ ಜಾತಿಯ ಹಣ್ಣುಗಳಲ್ಲಿ, ಮುಖ್ಯವಾಗಿ ಸಿಪ್ಪೆಯಲ್ಲಿ, ಫ್ಯೂರನೊಕೂಮರಿನ್ ಎಂಬ ಸಂಯುಕ್ತಗಳಿರುತ್ತವೆ. ಅವು ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಏಳಬಹುದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಅರೆಯುವಕಲ್ಲು ಅವರು ಒಂದು ಸಾಲಿನಲ್ಲಿ ಹೇಳಿದ್ದು ಸರಿ.

ಅರೆಯುವಕಲ್ಲು:

ಅಡುಗೆಸೋಡ ಹಾಕುವವರೂ ಇದ್ದಾರೆ, ಅದನ್ನೂ ಸೇರಿಸಿ. ನನ್ನ ಅಜ್ಜಿ ಲೇಪಕ್ಕೆ ನಿಂಬೆ ಹಿಂಡಿದ್ದನ್ನು ನಾನು ಕಂಡಿಲ್ಲ. ಹೆಸರುಹಿಟ್ಟು, ಲಾವಂಚ, ಕಚೋರ, ಒಣಗಿಸಿದ ಗುಲಾಬಿ ದಳ. ಬಟ್ಟೆಯಲ್ಲಿ ಶೋಧಿಸಿದ ಪುಡಿ. ಅದಕ್ಕೆ ಹಾಲಿನ ಕೆನೆ. ಪುಡಿ ಬೆರಳುಗಳ ನಡುವೆ ತರಿತರಿಯಾಗಿ ಸಿಕ್ಕರೆ ಮುಖಕ್ಕಲ್ಲ, ಕಾಲಿಗೆ.

ಸಂಶಯಜೀವಿ:

ವೈದ್ಯರು ಹೇಳಿದ್ದಕ್ಕೆ ಚರ್ಮತಜ್ಞರ ಬಾಯಿಂದ ಕಾರಣ ಸಿಕ್ಕಿತು, ಒಪ್ಪಿದೆ. ಆದರೂ ಒಂದು ವಿಷಯ ಹೊಂದಾಣಿಕೆಯಾದರೆ ಎಲ್ಲವೂ ಸರಿ ಎಂದಾಗುವುದಿಲ್ಲ. ವಾಗ್ಭಟನ ಲೇಪಗಳಲ್ಲಿ ಮುಲ್ತಾನಿ ಮಿಟ್ಟಿ ಇದೆಯೇ? ಇಲ್ಲದಿದ್ದರೆ ನಾವು ಮಾಡುತ್ತಿರುವುದನ್ನು ಆಯುರ್ವೇದ ಎನ್ನುವುದೇಕೆ?

ಪಥ್ಯಾಪಥ್ಯ:

ಇಲ್ಲ. ಅದೇ ಅಧ್ಯಾಯದಲ್ಲಿ ಹೇಮಂತದಿಂದ ಶುರುಮಾಡಿ ಆರು ಋತುಗಳಿಗೆ ಆರು ಲೇಪಗಳನ್ನು ಕೊಟ್ಟಿದ್ದಾನೆ, ಅವುಗಳಲ್ಲಿ ಎಲ್ಲೂ ಮುಲ್ತಾನಿ ಮಿಟ್ಟಿ ಇಲ್ಲ. ಹೇಮಂತಕ್ಕೆ ಬೋರೆಹಣ್ಣಿನ ಬೀಜದ ತಿರುಳು, ಆಡುಸೋಗೆಯ ಬೇರು, ಲೋಧ್ರ, ಬಿಳಿ ಸಾಸಿವೆ. ಶಿಶಿರದಲ್ಲಿ ಕಪ್ಪು ಎಳ್ಳು, ಮರದರಿಶಿನದ ತೊಗಟೆ, ಸಿಪ್ಪೆ ತೆಗೆದ ಜವೆಗೋಧಿ ಮುಂತಾದವು. ಬೇಸಿಗೆಗೆ ನೈದಿಲೆ, ತಾವರೆಯ ಜಾತಿಯ ಹೂಗಳು, ಗರಿಕೆ, ಜ್ಯೇಷ್ಠಮಧು, ಚಂದನ. ಚಳಿಯಲ್ಲಿ ಜಿಡ್ಡಿರುವ ಬೀಜಗಳು, ಸೆಕೆಯಲ್ಲಿ ತಂಪು ಹೂಗಳು. ವಾತ ಕಫಗಳಿಗೆ ಲೇಪ ಬೆಚ್ಚಗಿರಲಿ, ಉಳಿದವಕ್ಕೆ ತುಂಬ ತಣ್ಣಗಿರಲಿ ಎಂದೂ ಇದೆ. ವರ್ಷವಿಡೀ ಒಂದೇ ಪ್ಯಾಕೆಟ್ಟಿನ ಪುಡಿಯನ್ನು ಎಲ್ಲರ ಮುಖಕ್ಕೂ ಹಚ್ಚುವ ಪದ್ಧತಿ ಗ್ರಂಥದ್ದಲ್ಲ.

ಹಚ್ಚಬಾರದ ಸಂದರ್ಭಗಳನ್ನೂ ಹೇಳಿದ್ದಾನೆ, ಇದನ್ನು ಎಲ್ಲರೂ ಮರೆಯುತ್ತಾರೆ. ಹಳೆಯ ನೆಗಡಿ, ಅಜೀರ್ಣ, ಬಾಯಿರುಚಿ ಕೆಟ್ಟಾಗ, ದವಡೆ ಹಿಡಿದುಕೊಂಡಾಗ, ನಿದ್ದೆಗೆಟ್ಟ ಮರುದಿನ, ಮೂಗಿಗೆ ನಸ್ಯ ಹಾಕಿಸಿಕೊಂಡಾಗ ಲೇಪ ಬೇಡ. ಲೇಪ ಮುಖದ ಮೇಲಿರುವಾಗ ಹಗಲುನಿದ್ದೆ, ಹರಟೆ, ಒಲೆಯ ಮುಂದಿನ ಕೆಲಸ, ಬಿಸಿಲು, ದುಃಖ, ಸಿಟ್ಟು ಬೇಡ.

ಸುಶ್ರುತನ ಕಡೆಯಿಂದ ಇನ್ನಷ್ಟು: ರಾತ್ರಿ ಲೇಪ ಹಚ್ಚಬೇಡಿ. ನಿನ್ನೆ ಕಲಸಿದ್ದನ್ನು ಇವತ್ತು ಬಳಸಬೇಡಿ. ಒಂದರ ಮೇಲೊಂದು ಹಚ್ಚಬೇಡಿ, ಅದರಿಂದ ಬಿಸಿ, ಉರಿ, ನೋವು ಹುಟ್ಟುತ್ತವೆ. ಒಮ್ಮೆ ತೆಗೆದದ್ದನ್ನು ಮತ್ತೆ ಹಚ್ಚಬೇಡಿ.

ಗಡ್ಡಧಾರಿ:

ಲೇಪ ಹಚ್ಚಿಕೊಂಡಾಗ ಸಿಟ್ಟು ಮಾಡಬಾರದು ಎಂದರೆ ನಮ್ಮ ಮನೆಯಲ್ಲಿ ಯಾರೂ ಹಚ್ಚುವಂತಿಲ್ಲ.

ಸಂಜೆಮಲ್ಲಿಗೆ:

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ನಾನು ನಿದ್ದೆಗೆಟ್ಟಾಗಲೇ ಮುಖ ಕಳೆಗುಂದಿದೆ ಎಂದು ಲೇಪ ಹಚ್ಚುತ್ತಿದ್ದದ್ದು! ಹಾಗಾದರೆ ನನ್ನ ಮೊಡವೆಗೂ ಬಂಗಿಗೂ ಗ್ರಂಥದಲ್ಲಿ ಬೇರೆ ಬೇರೆ ಲೇಪಗಳಿವೆಯೇ?

ಪಥ್ಯಾಪಥ್ಯ:

ಬೇರೆ ಬೇರೆ ಇವೆ, ಅವು ಪರಸ್ಪರ ವಿರುದ್ಧವೂ ಹೌದು. ನಿಮ್ಮ ಕಷ್ಟ ಅಲ್ಲೇ ಇದೆ.

ಮೊಡವೆಯನ್ನು ಸುಶ್ರುತ ಕ್ಷುದ್ರರೋಗಗಳಲ್ಲಿ, ಅಂದರೆ ಸಣ್ಣಪುಟ್ಟ ಕಾಯಿಲೆಗಳಲ್ಲಿ, ಸೇರಿಸಿದ್ದಾನೆ. ಹರೆಯದವರ ಮುಖದಲ್ಲಿ ಬೂರುಗದ ಮರದ ಮುಳ್ಳುಗಳಂತೆ ಏಳುವ, ಕಫ, ವಾತ, ರಕ್ತಗಳಿಂದ ಆಗುವ ಗುಳ್ಳೆಗಳು. ಬೂರುಗದ ಕಾಂಡವನ್ನು ನೋಡಿದವರಿಗೆ ಬೇರೆ ವರ್ಣನೆ ಬೇಕಿಲ್ಲ. ಅದಕ್ಕೆ ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆಯ ಲೇಪ, ಇಲ್ಲವೇ ಕೊತ್ತಂಬರಿ ಬೀಜ, ಬಜೆ, ಲೋಧ್ರ, ಕೋಷ್ಠದ ಲೇಪ. ಜೊತೆಗೆ ವಮನ, ಅಂದರೆ ವಾಂತಿ ಮಾಡಿಸುವ ಚಿಕಿತ್ಸೆ. ಎಲ್ಲವೂ ತೀಕ್ಷ್ಣ, ಒಣಗಿಸುವಂಥವು.

ಬಂಗು ಗ್ರಂಥದಲ್ಲಿ ವ್ಯಂಗ ಎಂದು ಕರೆದ ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ. ಸಿಟ್ಟು, ಆಯಾಸಗಳಿಂದ ಕೆರಳಿದ ವಾತವು ಪಿತ್ತದ ಜೊತೆ ಸೇರಿ ಮುಖದಲ್ಲಿ ನೋವಿಲ್ಲದ, ತೆಳುವಾದ, ಕಪ್ಪುಛಾಯೆಯ ಮಂಡಲಗಳನ್ನು ಮಾಡುತ್ತದೆ. ಅದಕ್ಕೆ ಮಂಜಿಷ್ಠ ಎಂಬ ಕೆಂಪು ಬೇರು ಅಥವಾ ಮತ್ತಿಯ ತೊಗಟೆಯ ಪುಡಿ ಜೇನಿನಲ್ಲಿ. ಇನ್ನೊಂದು ಪ್ರಸಿದ್ಧ ಯೋಗ ರಕ್ತಚಂದನ, ಮಂಜಿಷ್ಠ, ಕೋಷ್ಠ, ಲೋಧ್ರ, ಪ್ರಿಯಂಗು, ಆಲದ ಚಿಗುರು, ಮಸೂರ ಬೇಳೆ. ಇವು ತಂಪು, ಮೃದು.

ಬಂಗು ಇರುವ ಕೆನ್ನೆಗೆ ಸಾಸಿವೆ, ಬಜೆ ಹಚ್ಚಿದರೆ ಉರಿ ಎದ್ದು ಕಪ್ಪು ಹೆಚ್ಚುತ್ತದೆ. ಆದ್ದರಿಂದ ನಿಮಗೆ ನನ್ನ ಸಲಹೆ: ಮೊದಲು ಎಲ್ಲ ಲೇಪಗಳಿಗೂ ಬಿಡುವು ಕೊಡಿ. ಹೊಟ್ಟು, ಬಿಗಿತ ಪೂರ್ತಿ ನಿಲ್ಲಲಿ. ಆಮೇಲೆ ಮಸೂರ ಬೇಳೆಯ ನುಣ್ಣನೆಯ ಹಿಟ್ಟು, ಸ್ವಲ್ಪ ಮಂಜಿಷ್ಠ, ಹಾಲು. ವಾರಕ್ಕೊಮ್ಮೆ ಸಾಕು. ದಪ್ಪಗೆ ಹಚ್ಚಿ, ಅಂಚುಗಳು ಬಣ್ಣ ಬದಲಾಯಿಸಲು ಶುರುವಾದ ಕೂಡಲೇ ಒದ್ದೆ ಬಟ್ಟೆ ಒತ್ತಿ ತೆಗೆಯಿರಿ. ಬಜೆ, ಸಾಸಿವೆಯ ಲೇಪಗಳನ್ನು ವೈದ್ಯರು ಮುಖ ನೋಡಿ ಹೇಳಿದರೆ ಮಾತ್ರ. ವಮನವಂತೂ ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ.

ಹೊರಪದರ:

ಇಲ್ಲಿ ನಾನು ಅಡ್ಡ ಮಾತಾಡುತ್ತೇನೆ. ಮಂಜಿಷ್ಠ ಹಚ್ಚಿದರೆ ಬಂಗು ಹೋಗುತ್ತದೆ ಎಂದು ಒಪ್ಪಲು ನನಗೆ ಇನ್ನೂ ಗಟ್ಟಿಯಾದ ಆಧಾರ ಬೇಕು. ಹಾನಿಯಿಲ್ಲದಿದ್ದರೆ ಹಚ್ಚಿಕೊಳ್ಳಲಿ. ಆದರೆ ಸನ್‌ಸ್ಕ್ರೀನ್ ಇಲ್ಲದೆ ಮಾಡುವ ಬಂಗಿನ ಚಿಕಿತ್ಸೆಯೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ. ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ. ಹಾಗಾಗಿ ಐರನ್ ಆಕ್ಸೈಡ್ ಸೇರಿಸಿದ, ಮೈಬಣ್ಣದ ಸನ್‌ಸ್ಕ್ರೀನ್ ಬಂಗಿಗೆ ಹೆಚ್ಚು ಸೂಕ್ತ. ಎಸ್‌ಪಿಎಫ್ 30 ಅಥವಾ ಹೆಚ್ಚು, ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಪ್ರಮಾಣ, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ. ಯಾವ ಎಣ್ಣೆಯೂ ಇದಕ್ಕೆ ಬದಲಿಯಲ್ಲ.

ಮತ್ತೊಂದು, ದವಡೆಯ ಅಂಚಿನ ಮೊಡವೆ. ಮುಟ್ಟು ಏರುಪೇರಾಗುತ್ತಿದ್ದರೆ, ಮುಖದಲ್ಲಿ ಕೂದಲು ಹೆಚ್ಚುತ್ತಿದ್ದರೆ ಹಾರ್ಮೋನಿನ ಕಾರಣವಿರಬಹುದು, ಪರೀಕ್ಷೆ ಮಾಡಿಸಿ. ಗಟ್ಟಿಯಾಗಿ, ಆಳದಲ್ಲಿ ನೋಯುವ ಗಂಟುಗಳಾದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಅವು ವಾಸಿಯಾಗಿ ಗುಳಿಗಳು ಉಳಿದ ಮೇಲೆ ತುಂಬುವುದು ಬಹಳ ಕಷ್ಟ.

ಪಥ್ಯಾಪಥ್ಯ:

ಬಿಸಿಲಿನ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವಿಲ್ಲ. ಗಂಟುಮೊಡವೆಗಳನ್ನು ನಾನೂ ನಿಮ್ಮಂಥವರ ಬಳಿಗೇ ಕಳಿಸುತ್ತೇನೆ. ಮಂಜಿಷ್ಠದ ವಿಷಯದಲ್ಲಿ ಜಗಳವಿದೆ, ಇರಲಿ.

ಅರೆಯುವಕಲ್ಲು:

ಕುಂಕುಮಾದಿ ಕೇಳಿದ್ದರಲ್ಲ, ಯಾರೂ ಹೇಳಲಿಲ್ಲ. ನನ್ನ ಅನುಭವದಲ್ಲಿ ಒಣಚರ್ಮದವರಿಗೆ ಅದು ಒಳ್ಳೆಯದು. ಮೊಡವೆ ಏಳುತ್ತಿರುವ ಮುಖಕ್ಕೆ ಎಣ್ಣೆ ಸುರಿಯುವುದು ನನಗೆ ಸರಿಕಾಣುವುದಿಲ್ಲ, ಯಾವ ಗ್ರಂಥದಲ್ಲಿದ್ದರೂ.

ಪಥ್ಯಾಪಥ್ಯ:

ಕುಂಕುಮಾದಿ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಬರುವ ಯೋಗ. ಕೇಸರಿ, ಮಂಜಿಷ್ಠ, ಚಂದನ ಮುಂತಾದವುಗಳ ಕಲ್ಕ (ಅರೆದ ಮುದ್ದೆ), ಕಷಾಯಗಳನ್ನು ಎಳ್ಳೆಣ್ಣೆ ಮತ್ತು ಆಡಿನ ಹಾಲಿನ ಜೊತೆ ನೀರಿನಂಶ ಹೋಗುವವರೆಗೆ ಕಾಯಿಸುತ್ತಾರೆ. ರಾತ್ರಿ ಮುಖ ತೊಳೆದು, ಇನ್ನೂ ತೇವವಿರುವಾಗ ಎರಡು ಮೂರು ಹನಿ ಅಂಗೈಯಲ್ಲಿ ಉಜ್ಜಿ ಒತ್ತಿದರೆ ಸಾಕು. ಎಣ್ಣೆಚರ್ಮಕ್ಕೆ, ಕೀವುಮೊಡವೆ ಇರುವ ಜಾಗಕ್ಕೆ ನಾನು ಕೊಡುವುದಿಲ್ಲ. ಸಂಜೆಮಲ್ಲಿಗೆ ಅವರು ಕೆನ್ನೆಯ ಮೇಲ್ಭಾಗಕ್ಕೆ ಮಾತ್ರ, ಅರ್ಧ ಗಂಟೆ ಇಟ್ಟು ತೊಳೆದು ನೋಡಬಹುದು. ಕೊಬ್ಬರಿ ಎಣ್ಣೆಯಲ್ಲಿ ಮಾಡಿದ ಏಲಾದಿ ತೈಲವನ್ನು ಮೊಡವೆಯ ಮುಖಕ್ಕೆ ಬಳಸಬೇಡಿ, ಮೈಗೆ ಬಳಸಿ.

ಸಂಶಯಜೀವಿ:

ಕೇಸರಿಯ ಬಣ್ಣ ಕೊಡುವ ಕ್ರೋಸಿನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಅಲ್ಲ. ತೈಲ ಕಡುಗೆಂಪಾಗಿದ್ದರೆ ಅದು ಕೇಸರಿ ಧಾರಾಳವಾಗಿ ಬಿದ್ದಿರುವುದರ ಗುರುತಲ್ಲ. ಬಣ್ಣ ಬೇರೆ ಬೇರುಗಳದ್ದೋ ಅರಗಿನದ್ದೋ ಇರುತ್ತದೆ. ಕೆಂಪು ನೋಡಿ ಹಣ ಕೊಡುವವರಿಗೆ ಇದು ಗೊತ್ತಿರಲಿ.

ಸುಮ್ಮನೆ_ಓದುವವಳು:

ಬಹಳ ದಿನಗಳಿಂದ ಓದುತ್ತಿದ್ದೇನೆ, ಮೊದಲ ಬಾರಿ ಬರೆಯುತ್ತಿದ್ದೇನೆ. ಗೆಳತಿಯೊಬ್ಬಳು "ನೂರಕ್ಕೆ ನೂರು ಆಯುರ್ವೇದ" ಎಂದು ಒಂದು ಡಬ್ಬಿ ಕ್ರೀಮು ತಂದುಕೊಟ್ಟಿದ್ದಾಳೆ. ಅವಳ ಮುಖ ಒಂದೇ ವಾರದಲ್ಲಿ ಬೆಳ್ಳಗಾಯಿತು. ಡಬ್ಬಿಯ ಮೇಲೆ ಹೂವಿನ ಚಿತ್ರ ಬಿಟ್ಟರೆ ಏನೂ ಇಲ್ಲ. ಹಚ್ಚಬಹುದೇ?

ಹೊರಪದರ:

ಬೇಡ. ನಿಮ್ಮ ಗೆಳತಿಗೂ ಹೇಳಿ, ಆದರೆ ತಾವಾಗಿಯೇ ದಿಢೀರನೆ ನಿಲ್ಲಿಸದೆ ಚರ್ಮವೈದ್ಯರನ್ನು ಕಾಣಲಿ.

ಒಂದು ವಾರದಲ್ಲಿ ಬೆಳ್ಳಗಾಗಿಸುವ, ಹೆಸರಿಲ್ಲದ ಕ್ರೀಮಿನಲ್ಲಿ ಎರಡರಲ್ಲಿ ಒಂದು ಇರುವ ಸಂಶಯ ಬಲವಾಗಿ ಬರುತ್ತದೆ: ಸ್ಟೆರಾಯ್ಡ್ ಅಥವಾ ಪಾದರಸ. ಸ್ಟೆರಾಯ್ಡ್ ಆದರೆ ಮೊದಲು ಮೊಡವೆಯೂ ಇಳಿದು ಮುಖ ತಿಳಿಯಾಗುತ್ತದೆ. ತಿಂಗಳುಗಳ ನಂತರ ಚರ್ಮ ತೆಳುವಾಗಿ, ರಕ್ತನಾಳಗಳು ಕೆಂಪಗೆ ಕಾಣಿಸಿ, ರೋಮ ಬೆಳೆದು, ಬಿಸಿಲಿಗೆ ಹೋದರೆ ಉರಿಯುತ್ತದೆ. ನಿಲ್ಲಿಸಿದರೆ ಎಲ್ಲವೂ ದುಪ್ಪಟ್ಟಾಗಿ ಮರುಕಳಿಸುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಪಾದರಸ ಚರ್ಮದ ಮೂಲಕ ಒಳಹೋಗಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಕೇರಳದ ವೈದ್ಯರು 2023ರಲ್ಲಿ ಇಂಥ ಬಿಳುಪಿನ ಕ್ರೀಮುಗಳನ್ನು ಹಚ್ಚುತ್ತಿದ್ದವರಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ವರದಿ ಮಾಡಿದರು. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಅರಿಯದೆ ಬೆರೆತ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರುವಂತಿಲ್ಲ.

ಪಥ್ಯಾಪಥ್ಯ:

ಇದನ್ನು ಓದುವಾಗ ನನಗೆ ಮೈ ಉರಿಯುತ್ತದೆ. ಆಯುರ್ವೇದ ಔಷಧವಾದರೆ ಲೇಬಲ್ಲಿನ ಮೇಲೆ ಹಾಗೆಂದು ಬರೆದಿರಬೇಕು. ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿರುವ ದ್ರವ್ಯಗಳ ಪಟ್ಟಿ, ತಯಾರಾದ ದಿನಾಂಕ ಇರಬೇಕು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯ ಕೆಳಗೆ ಆಯುರ್ವೇದಕ್ಕೂ ಪರವಾನಗಿ ಬೇಕೇ ಬೇಕು. ಹೂವಿನ ಚಿತ್ರ ಪರವಾನಗಿಯಲ್ಲ.

ಬೆಳ್ಳಗಾಗುವುದೇ ಗುರಿ ಎಂಬುದನ್ನು ಆಯುರ್ವೇದದ ತಲೆಗೆ ಕಟ್ಟುವುದಂತೂ ಅನ್ಯಾಯ. ಚರಕನ ಇಂದ್ರಿಯಸ್ಥಾನದಲ್ಲಿ ದೇಹದ ಸಹಜ ಬಣ್ಣಗಳು ನಾಲ್ಕು: ಕೃಷ್ಣ (ಕಪ್ಪು), ಶ್ಯಾಮ (ನಸುಗಪ್ಪು), ಶ್ಯಾಮಾವದಾತ (ನಸುಗಪ್ಪು ಮತ್ತು ತಿಳಿಬಣ್ಣದ ನಡುವಿನದು), ಅವದಾತ (ತಿಳಿಬಣ್ಣ). ಕಪ್ಪು ಮೊದಲನೆಯದು. ಅದರ ಬೆನ್ನಿಗೇ ರೋಗಸೂಚಕವಾದ ಅಸಹಜ ಬಣ್ಣಗಳನ್ನು ಹೇಳುತ್ತಾನೆ, ನೀಲಿ, ತಾಮ್ರಗಳ ಜೊತೆ ಆ ಪಟ್ಟಿಯಲ್ಲಿ ಬಿಳಿಯೂ ಇದೆ. ವರ್ಣಕ್ಕೆ ಹಿತವೆಂದು ಅವನು ಕೊಟ್ಟ ಚಂದನ, ಲಾವಂಚ, ಜ್ಯೇಷ್ಠಮಧು, ಮಂಜಿಷ್ಠ, ನನ್ನಾರಿ ಮೊದಲಾದ ಹತ್ತು ದ್ರವ್ಯಗಳು ಇರುವ ಬಣ್ಣಕ್ಕೆ ಕಳೆ ತರಲಿಕ್ಕೆ. ಕಪ್ಪಗಿರುವ ಹುಡುಗಿಯನ್ನು ಬೆಳ್ಳಗೆ ಮಾಡಿ ಎಂದು ತಾಯಂದಿರು ಕರೆತಂದಾಗ ನಾನು ಈ ಪುಟ ತೆಗೆದು ತೋರಿಸುತ್ತೇನೆ. ಕೆಲವರು ಎದ್ದು ಹೋಗುತ್ತಾರೆ.

ಸಂಶಯಜೀವಿ:

ಈ ಪುಟವನ್ನು ನಾನೂ ತೋರಿಸುತ್ತೇನೆ. ನನ್ನ ಸೋದರ ಸೊಸೆಗೆ ಬೇಕಾಗಿದೆ.

ತುಂಬುದಿನ:

ನಾನು ಗರ್ಭಿಣಿ. ಮೇಲ್ದುಟಿಯ ಮೇಲೆ, ಹಣೆಯಲ್ಲಿ ಬಂಗು ಬಂದಿದೆ. ಬಾವಂಚಿ ಬೀಜ ಅರೆದು ಹಚ್ಚಿದರೆ ಬಣ್ಣ ಸಮವಾಗುತ್ತದೆ ಎಂದು ಯಾರೋ ಹೇಳಿದರು. ಬಾಕುಚಿಯಾಲ್ ಎಂಬ ಸೀರಮ್ಮೂ ಅದರಿಂದಲೇ ಅಲ್ಲವೇ?

ಹೊರಪದರ:

ದಯವಿಟ್ಟು ಬಾವಂಚಿ ಹಚ್ಚಬೇಡಿ. ಆ ಬೀಜದಲ್ಲಿ ಸೋರಲೆನ್ ಇದೆ. ಅದು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಕಪ್ಪಾಗಿಸುತ್ತದೆ, ಅಳತೆ ತಪ್ಪಿದರೆ ಗುಳ್ಳೆ ಎಬ್ಬಿಸಿ ಸುಡುತ್ತದೆ. ಬಿಳಿ ಮಚ್ಚೆಗೆ ಅದನ್ನು ಬಳಸುವುದೇ ಈ ಗುಣಕ್ಕಾಗಿ. ಬಂಗಿಗೆ ಅದು ತದ್ವಿರುದ್ಧ.

ಬಾಕುಚಿಯಾಲ್ ಅದೇ ಬೀಜದ ಬೇರೊಂದು ಅಣು. 2019ರಲ್ಲಿ ಅಚ್ಚಾದ ಒಂದು ಅಧ್ಯಯನದಲ್ಲಿ 44 ಜನರಿಗೆ 12 ವಾರ ಬಾಕುಚಿಯಾಲ್ ಅಥವಾ ರೆಟಿನಾಲ್ (ಸುಕ್ಕಿಗೆ ಬಳಸುವ ವಿಟಮಿನ್ ಎ ಬಗೆಯ ವಸ್ತು) ಹಚ್ಚಿಸಿ ನೋಡಿದಾಗ ಸುಕ್ಕು ಮತ್ತು ಕಪ್ಪು ಕಲೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯ ಸುಧಾರಣೆ ಕಂಡಿತು. ಚಿಕ್ಕ ಅಧ್ಯಯನ, ಆದರೂ ಆಸಕ್ತಿ ಹುಟ್ಟಿಸುವಂಥದ್ದು. ಶುದ್ಧಮಾಡಿ ತೆಗೆದ ಬಾಕುಚಿಯಾಲೂ ಮನೆಯಲ್ಲಿ ಅರೆದ ಬಾವಂಚಿಯೂ ಒಂದಲ್ಲ. ನೀವು ಈಗ ಎರಡನ್ನೂ ಬಿಡಿ. ಗರ್ಭಿಣಿಯರ ಬಂಗು ಎಷ್ಟೋ ಜನರಲ್ಲಿ ಹೆರಿಗೆಯ ನಂತರ ತಾನಾಗಿ ತಿಳಿಯಾಗುತ್ತದೆ. ಟೋಪಿ, ಕೊಡೆ, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಸಾಕು.

ಅರೆಯುವಕಲ್ಲು:

ಕೇರೆಣ್ಣೆಯ ವಿಷಯವನ್ನೂ ಹೇಳಿಬಿಡಿ. ಕೇರುಬೀಜದ ರಸ ಮಚ್ಚೆಗೆ ಒಳ್ಳೆಯದೆಂದು ಹಚ್ಚಿ ಕೆನ್ನೆ ಸುಟ್ಟುಕೊಂಡವರನ್ನು ಬಲ್ಲೆ. ಮೂಲಿಕೆ ಎಂದ ಮಾತ್ರಕ್ಕೆ ಸಾಧುವಲ್ಲ.

ಹೊರಪದರ:

ಹೌದು. ಅರಿಶಿನಕ್ಕೂ ಕೆಲವರಿಗೆ ಅಲರ್ಜಿ ಇರುತ್ತದೆ. ಹೊಸ ಪುಡಿ ಯಾವುದೇ ಇರಲಿ, ಮೊದಲು ಮೊಣಕೈಯ ಒಳಮಡಿಕೆಗೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ. ತುರಿಕೆ, ಕೆಂಪು ಇಲ್ಲದಿದ್ದರೆ ಮುಖಕ್ಕೆ.

ಸಂಜೆಮಲ್ಲಿಗೆ:

ಸದ್ಯಕ್ಕೆ ಎಲ್ಲ ಲೇಪಗಳನ್ನೂ ನಿಲ್ಲಿಸುತ್ತೇನೆ, ಮುಟ್ಟಿನ ಏರುಪೇರು ನನಗಿದೆ, ಪರೀಕ್ಷೆಗೂ ಹೋಗುತ್ತೇನೆ. ಮೂಗಿನ ಪಕ್ಕದ ಹೊಟ್ಟಿಗೆ ಏನು ಹಚ್ಚಲಿ? ನೂರು ಸಲ ತೊಳೆದ ತುಪ್ಪ ಎನ್ನುತ್ತಾರಲ್ಲ, ಅದು ಆಗುವುದೇ?

ಪಥ್ಯಾಪಥ್ಯ:

ಶತಧೌತ ಘೃತ. ತಾಮ್ರದ ಪಾತ್ರೆಯಲ್ಲಿ ತುಪ್ಪಕ್ಕೆ ನೀರು ಹಾಕಿ ಕಡೆದು, ನೀರು ಚೆಲ್ಲಿ, ಮತ್ತೆ ಹಾಕಿ, ಹೀಗೆ ನೂರು ಬಾರಿ. ಕೊನೆಗೆ ವಾಸನೆ ಹೋಗಿ ಬೆಣ್ಣೆಗಿಂತ ಹಗುರಾದ ಬಿಳಿ ಕ್ರೀಮಿನಂತಾಗುತ್ತದೆ. ಉರಿಗೆ ತುಂಬ ಹಿತ. ಹೊಟ್ಟೆದ್ದ ಜಾಗಕ್ಕೆ ಮಾತ್ರ, ಬೇಳೆಕಾಳಿನಷ್ಟು ಹಚ್ಚಿ, ದವಡೆಗೆ ಬೇಡ. ಅದರಲ್ಲಿ ನೀರು ಉಳಿದಿರುವುದರಿಂದ ಬೇಗ ಕೆಡಬಹುದು, ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಡಿ, ವಾಸನೆ ಬದಲಾದರೆ ಎಸೆಯಿರಿ.

ಅರೆಯುವಕಲ್ಲು:

ಮನೆಯಲ್ಲಿ ಮಾಡುವುದಾದರೆ ತೋಳಿನ ನೋವಿಗೂ ಒಂದು ಎಣ್ಣೆ ಸಿದ್ಧವಿರಲಿ.

ಗಡ್ಡಧಾರಿ:

ನಗೆಯಾಡಿದ್ದು ಸಾಕು, ನನ್ನದೂ ಒಂದು ನಿಜವಾದ ಪ್ರಶ್ನೆ. ಗಡ್ಡದ ಕೆಳಗೆ ಗುಳ್ಳೆಗಳೇಳುತ್ತವೆ. ಲೇಪ ಹಚ್ಚಿದರೆ ಹಿಟ್ಟು ಕೂದಲಿಗೆ ಅಂಟಿಕೊಂಡು ಒಣಗಿ ಅವಸ್ಥೆಯಾಗುತ್ತದೆ. ಗಂಡಸರಿಗೆ ಗ್ರಂಥದಲ್ಲಿ ಏನಾದರೂ ಇದೆಯೇ?

ಪಥ್ಯಾಪಥ್ಯ:

ಇದೆ. ಲೇಪವನ್ನು ರೋಮ ಬೆಳೆದ ದಿಕ್ಕಿಗೆ ಎದುರಾಗಿ ಹಚ್ಚಬೇಕು, ಆಗ ಔಷಧ ಚೆನ್ನಾಗಿ ನಿಂತು ರೋಮಕೂಪಗಳೊಳಗೆ ಇಳಿಯುತ್ತದೆ ಎಂದು ಸುಶ್ರುತ ಹೇಳುತ್ತಾನೆ. ಆದರೆ ದಟ್ಟ ಗಡ್ಡಕ್ಕೆ ಹಿಟ್ಟಿನ ಲೇಪವೇ ಬೇಡ. ಅವನದೇ ಇನ್ನೊಂದು ಸಲಹೆ ನಿಮಗೆ ಸರಿಹೊಂದುತ್ತದೆ: ದಿನಚರಿಯಲ್ಲಿ ಮುಖವನ್ನು ನೆಲ್ಲಿಕಾಯಿಯ ಕಷಾಯದಿಂದಲೋ ತಣ್ಣೀರಿನಿಂದಲೋ ತೊಳೆಯಲು ಹೇಳಿದ್ದಾನೆ, ಗುಳ್ಳೆ ಮತ್ತು ವ್ಯಂಗಗಳಿಗೆ ಅದು ಹಿತವೆಂದು. ಒಂದು ಚಮಚ ನೆಲ್ಲಿಚಟ್ಟನ್ನು ಎರಡು ಲೋಟ ನೀರಿನಲ್ಲಿ ಕುದಿಸಿ ಅರ್ಧ ಲೋಟಕ್ಕೆ ಇಳಿಸಿ, ಬಟ್ಟೆಯಲ್ಲಿ ಶೋಧಿಸಿ. ನೆಲ್ಲಿಯ ಚೂರು ಉಳಿದರೆ ಕೂದಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ತಣಿದ ಮೇಲೆ ಅಷ್ಟೇ ನೀರು ಬೆರೆಸಿ ಗಡ್ಡದ ಬುಡಕ್ಕೆ ತಾಗುವಂತೆ ತೊಳೆದು, ಎರಡು ನಿಮಿಷ ಬಿಟ್ಟು ಬರಿನೀರಿನಲ್ಲಿ ತೊಳೆಯಿರಿ. ಅಂದಂದಿಗೆ ಹೊಸದಾಗಿ ಮಾಡಿ.

ಹೊರಪದರ:

ಬೋಳಿಸುವಾಗ ಮಾತ್ರ ಕೂದಲು ಬೆಳೆದ ದಿಕ್ಕಿಗೇ ಬ್ಲೇಡು ಓಡಲಿ, ಎದುರಾಗಿ ಅಲ್ಲ. ಗುಳ್ಳೆಗಳಲ್ಲಿ ಕೀವು ತುಂಬಿ ಹರಡುತ್ತಿದ್ದರೆ ಕಷಾಯ ಬದಿಗಿಟ್ಟು ಬಂದು ತೋರಿಸಿ.

ಗಡ್ಡಧಾರಿ:

ಆಗಲಿ ಡಾಕ್ಟರೇ. ನೆಲ್ಲಿಚಟ್ಟು ಅಡುಗೆಮನೆಯಲ್ಲೇ ಇದೆ, ಸಿಟ್ಟಿಲ್ಲದ ಹೊತ್ತು ನೋಡಿ ಶುರುಮಾಡುತ್ತೇನೆ.

ಪಥ್ಯಾಪಥ್ಯ:

ಆ ನಿಷೇಧ ಲೇಪಕ್ಕೆ ಮಾತ್ರ. ಕಷಾಯಕ್ಕೆ ಅಡ್ಡಿಯಿಲ್ಲ.